ಮೊದಲು ಕಿವಿ, ಆಮೇಲೆ ಪುಸ್ತಕ

ಪಿಯಾನೊ ಕಲಿಯುವ ಮಗುವಿಗೆ ಮೊದಲು ಸ್ವರಲಿಪಿ ಓದಿಸಬೇಕೋ, ಹಾಡಿಸಿ ಬೆರಳಿಡಿಸಬೇಕೋ ಎಂಬ ಚರ್ಚೆಗೆ ಮುನ್ನೂರು ವರ್ಷ ದಾಟಿದೆ. ಇಟಲಿಯ ಕ್ರಿಸ್ಟೊಫೊರಿ 1700ರ ಸುಮಾರಿಗೆ ರೂಪಿಸಿದ ಪಿಯಾನೊ ಇನ್ನೂ ಹರಡದಿದ್ದ ಕಾಲಕ್ಕೇ, 1716ರಲ್ಲಿ, ಫ್ರಾನ್ಸಿನ ಕೂಪ್ರಾಂ ಹಾರ್ಪ್ಸಿಕಾರ್ಡ್ ವಾದನದ ಬಗ್ಗೆ ಪುಸ್ತಕ ಬರೆದ. ಆರೇಳು ವರ್ಷಕ್ಕೆ ಪಾಠ ಆರಂಭವಾಗಲಿ, ಕೆಲವು ರಚನೆಗಳು ಕೈಗೆ ಕೂತ ಮೇಲಷ್ಟೇ ಲಿಪಿ ಕಲಿಸಿ ಎಂದ. ಕಣ್ಣು ಪುಸ್ತಕದ ಮೇಲಿದ್ದರೆ ಬೆರಳು ಹದ ತಪ್ಪುತ್ತದೆ ಎಂಬುದು ಅವನ ಕಾರಣ. ಆಮೇಲೆ ಪಿಯಾನೊ ಗುರು ಚೆರ್ನಿಯ ಅಭ್ಯಾಸಪುಸ್ತಕಗಳು ಬಂದವು. ಲಂಡನ್ನಿನ ಟ್ರಿನಿಟಿ ಕಾಲೇಜು 1877ರಲ್ಲಿ ಪರೀಕ್ಷೆಗಳನ್ನು ಶುರುಮಾಡಿತು. ಪಾಠವೆಂದರೆ ಪುಸ್ತಕ ಎಂಬಂತಾಯಿತು. ಇಪ್ಪತ್ತನೇ ಶತಮಾನದಲ್ಲಿ ಜಪಾನಿನ ಸುಜುಕಿ, ಮಗು ತಾಯ್ನುಡಿ ಕಲಿಯುವಂತೆ ಸಂಗೀತವನ್ನೂ ಕೇಳಿಯೇ ಕಲಿಯಲಿ ಎಂದು ವಾದಿಸಿದಾಗ ಅದು ಹೊಸ ಮಾತಿನಂತೆ ಕೇಳಿಸಿತು.

ಬಳ್ಳಾರಿ ಸೀಮೆಗೆ ಕೇಳಿ ಕಲಿಯುವುದು ಹೊಸದಲ್ಲ; ಇಲ್ಲಿ ಹಾರ್ಮೋನಿಯಂ ಕಲಿಯುವುದೇ ಹಾಗೆ. ಪ್ಯಾರಿಸ್ಸಿನ ದೆಬೈನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಹೊತ್ತಿಗೆ ಕೈತಿದಿ ಜೋಡಿಸಿದರು. ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆ ನಾಟಕದ ಜೊತೆ ಊರೂರು ಸುತ್ತಿತು. ಧರ್ಮವರಂ ರಾಮಕೃಷ್ಣಾಚಾರ್ಯ, ಕೋಲಾಚಲಂ ಶ್ರೀನಿವಾಸರಾಯರು, ಬಳ್ಳಾರಿ ರಾಘವ ಬೆಳೆಸಿದ ರಂಗಭೂಮಿಯ ಊರು ಬಳ್ಳಾರಿ. ಸುಭದ್ರಮ್ಮ ಮನ್ಸೂರರಂಥ ಹಾಡುವ ನಟಿಯರನ್ನು ಕಂಡ ಊರು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟವಾಗಲಿ ಪೌರಾಣಿಕ ನಾಟಕವಾಗಲಿ, ತಾಲೀಮು ನಡೆಯುವುದು ಹಾರ್ಮೋನಿಯಂ ಮಾಸ್ತರರ ಮುಂದೆ. ಮಾಸ್ತರರು ಹಾಡುವವನ ಕಂಠ ನೋಡಿ ಶ್ರುತಿ ಗೊತ್ತುಮಾಡುತ್ತಾರೆ: ಒಬ್ಬನಿಗೆ ಕರಿ ಎರಡು (ಎರಡನೇ ಕಪ್ಪು ಕೀ), ಇನ್ನೊಬ್ಬನಿಗೆ ಬಿಳಿ ನಾಲ್ಕು. ಷಡ್ಜ ಸರಿದ ಕೂಡಲೇ ಅದೇ ಹಾಡಿಗೆ ಬೆರಳುಗಳ ದಾರಿ ಬೇರೆ. ಪಕ್ಕದಲ್ಲಿ ಕೂತು ಕಲಿಯುವ ಹುಡುಗ ಸರಳೆ, ಅಲಂಕಾರಗಳನ್ನು ಬಾಯಲ್ಲಿ ಹೇಳುತ್ತಲೇ ಒತ್ತುತ್ತಾನೆ; ಷಡ್ಜ ಎಲ್ಲಿದ್ದರೂ ಗಾಂಧಾರ ಎಷ್ಟು ದೂರ ಎಂಬುದು ಅವನ ಕಿವಿಗೆ ಗೊತ್ತು. ಪುಸ್ತಕದಿಂದ ಶುರುಮಾಡಿದ ಪಿಯಾನೊ ವಿದ್ಯಾರ್ಥಿಗೆ ಈ ಶ್ರುತಿ ಬದಲಾವಣೆ ಬಹಳ ತಡವಾಗಿ ದಕ್ಕುವ ವಿದ್ಯೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೂ ಗಟ್ಟಿ ಸಾಕ್ಷಿ. ಸ್ವತಃ ಅಂಧರಾಗಿದ್ದ ಅಲ್ಲಿನ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂನಲ್ಲಿ ಅಸಾಧಾರಣ ಪ್ರಭುತ್ವ ಸಾಧಿಸಿದರು, ಅಂಧ ಮಕ್ಕಳನ್ನು ಕಲಾವಿದರಾಗಿ ಬೆಳೆಸಿದರು. ಕಣ್ಣಿನ ನೆರವೇ ಇಲ್ಲದೆ ಅಷ್ಟೆತ್ತರ ಏರಲು ಸಾಧ್ಯವಿರುವಾಗ, ಆರು ವರ್ಷದ ಮಗುವಿಗೆ ಮೊದಲ ದಿನವೇ ಐದು ಗೆರೆಗಳ ಲಿಪಿ ಹಿಡಿಸುವ ಅವಸರವೇಕೆ? ಮಗು ಇಲ್ಲಿ ಮೊದಲು ಮುಟ್ಟುವುದು ಬಹುಪಾಲು ಕ್ಯಾಸಿಯೊ ಕೀಬೋರ್ಡನ್ನೇ. ಅದಕ್ಕೂ ಇದೇ ಕ್ರಮ ಸಲ್ಲುತ್ತದೆ.

ಇದಕ್ಕೆ ಆಕ್ಷೇಪಗಳುಂಟು, ಹಗುರವಾದವಲ್ಲ. ಹಾರ್ಮೋನಿಯಂನಲ್ಲಿ ಗಮಕ, ಮೀಂಡ್ ಬರುವುದಿಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ದೂರವಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ಆದರೆ ಈ ಮಿತಿ ಪಿಯಾನೊಗೂ ಇದೆ. ಮಗು ಹಾಡುತ್ತ ನುಡಿಸಬೇಕು ಎನ್ನುವುದು ಅದಕ್ಕಾಗಿಯೇ: ವಾದ್ಯ ಕೊಡಲಾಗದ ಜಾರು ಕಂಠದಲ್ಲಿ ಉಳಿಯುತ್ತದೆ. ಒಂದು ಕೈ ತಿದಿಗೆ ಹೋಗುವುದರಿಂದ ಎಡಗೈ ಕಲಿಯದು, ಒತ್ತಿದ ಬಲಕ್ಕೆ ತಕ್ಕ ನಾದ ಹುಟ್ಟಿಸುವ ಪಿಯಾನೊ ಸ್ಪರ್ಶ ಬಾರದು ಎಂಬ ಮಾತು ಪೂರ್ತಿ ನಿಜ. ಆ ಎರಡನ್ನೂ ಪಿಯಾನೊ ಮುಂದೆಯೇ ಹೊಸದಾಗಿ ಕಲಿಸಬೇಕು; ಭಾರವಿಲ್ಲದ ಕೀಗಳ ಅಗ್ಗದ ಕೀಬೋರ್ಡಿನಲ್ಲೂ ಸ್ಪರ್ಶ ಸಿದ್ಧಿಸದು. ಇನ್ನು, ಲಿಪಿ ತಡವಾದರೆ ಮಗು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ ಎಂಬ ಪೋಷಕರ ಆತಂಕ. ಟ್ರಿನಿಟಿಯ ಪಿಯಾನೊ ಪರೀಕ್ಷೆಯಲ್ಲಿ ಐದನೇ ಗ್ರೇಡಿನವರೆಗೆ ಲಿಪಿ ನೋಡಿ ನುಡಿಸುವುದು, ಕೇಳಿ ಗುರುತಿಸುವುದು, ಮನೋಧರ್ಮ, ಸಂಗೀತ ಜ್ಞಾನ ಈ ನಾಲ್ಕರಲ್ಲಿ ಎರಡನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬಹುದು. ನೋಡಿ ನುಡಿಸುವುದು ಕಡ್ಡಾಯವಾಗುವುದು ಆರನೇ ಗ್ರೇಡಿನಿಂದ. ಅಷ್ಟರೊಳಗೆ ಓದು ಕಲಿಸಲು ಗುರುವಿಗೆ ವರ್ಷಗಳೇ ಸಿಗುತ್ತವೆ.