ತಮಟೆ ಬಡಿದವರ ಕಿವಿ, ತಮಟೆ ಬಡಿದವರ ನಿದ್ದೆ



ತಮಟೆಯ ಗತ್ತು, ಕುಣಿತ, ವರಸೆ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಅದನ್ನ ಬಡಿದು ಬಡಿದು ಕಿವಿ ಏನಾಯ್ತು, ನಿದ್ದೆ ಏನಾಯ್ತು ಅನ್ನೋ ಚರಿತ್ರೆ ಮಾತ್ರ ಅಪರೂಪ.

ಹಬ್ಬ, ಸಾವು, ಡಂಗುರ ಏನೇ ಇರಲಿ, ಬಡಿಯಬೇಕಾದವರು ಕೇರಿಯವರು. ಅದು ಕಲೆ ಅಂತ ಕರೆಸಿಕೊಳ್ಳೋ ಮೊದಲು ಚಾಕರಿ ಆಗಿತ್ತು. ಸಂವಿಧಾನದ 23ನೇ ವಿಧಿ ಬಿಟ್ಟಿಚಾಕರಿ ನಿಷೇಧಿಸಿತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಊರಚಾಕರಿಗಳನ್ನ ತೆಗೆದುಹಾಕಿತು. ಆದರೂ "ಬಡಿಯಲ್ಲ" ಅಂದ ಕೇರಿಗಳಿಗೆ ಬಹಿಷ್ಕಾರ ಹಾಕಿದ ಸುದ್ದಿ ಈಗಲೂ ಓದ್ತೀವಿ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಇದೇ ಚರ್ಮವಾದ್ಯವನ್ನ ಹೋರಾಟದ ದನಿ ಮಾಡಿಕೊಂಡಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ವಾದ್ಯಕ್ಕೆ ಮರ್ಯಾದೆ ಸಿಕ್ತು, ಸಂತೋಷ. ಕಿವಿಯ ಮಾತು ಆಗಲೂ ಬರಲಿಲ್ಲ.

ಜೋರು ಸದ್ದಿನ ಕೆಲಸ ಕಿವಿ ತಿನ್ನುತ್ತೆ ಅನ್ನೋದು ಹೊಸ ವಿಷಯ ಅಲ್ಲ. ತಾಮ್ರ ಬಡಿಯುವವರು ಕಿವುಡರಾಗೋದನ್ನ ಇಟಲಿಯ ವೈದ್ಯ ರಾಮಾಜ್ಜಿನಿ 18ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದ. ಇವತ್ತಿನ ಲೆಕ್ಕ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಹೆಚ್ಚಾದಾಗ ಆ ಹೊತ್ತು ಅರ್ಧ ಆಗುತ್ತೆ. 100 ಡೆಸಿಬಲ್ ಆದರೆ 15 ನಿಮಿಷ ಅಷ್ಟೇ. ತಮಟೆ ಇರೋದು ಎದೆಯ ಮೇಲೆ, ಕಿವಿಯ ಬುಡದಲ್ಲಿ. ಜಾತ್ರೆ ಅಂದರೆ ಇಡೀ ರಾತ್ರಿ.

ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಹೋಗೋದು ಸಣ್ಣ, ಕೀರಲು ದನಿಗಳು. ಮಾತು ಕೇಳಿಸುತ್ತೆ, ಪದ ಹಿಡಿಯಲ್ಲ. ಮನೆಯವರು "ಕರೆದರೂ ಓಗೊಡಲ್ಲ" ಅಂತ ಬೈತಾರೆ. ಆಮೇಲೆ ಗುಂಯ್‌ಗುಡೋ ಸದ್ದು. ಹಗಲು ಊರ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತೆ, ದೀಪ ಆರಿಸಿದ ಮೇಲೆ ಏಳುತ್ತೆ. ಕೆಲಸ ಇದ್ದ ರಾತ್ರಿ ನಿದ್ದೆ ಇಲ್ಲ, ಕೆಲಸ ಇಲ್ಲದ ರಾತ್ರಿಯೂ ಇಲ್ಲ. ಬೆಳಗಾದರೆ ಮತ್ತೆ ಕೂಲಿ.

ಈಗ ಕಾನೂನು ನೋಡಿ. 2005ರಲ್ಲಿ ಸುಪ್ರೀಂ ಕೋರ್ಟ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಡೋಲು ಬಡಿಯಬಾರದು ಅಂತಲೂ ಹೇಳಿತು. ಸರಿಯಾದ ಮಾತೇ. ಆದರೆ ಅದು ಮಲಗಿದವರ ನಿದ್ದೆಯ ಲೆಕ್ಕ. ಬಡಿಯೋರ ನಿದ್ದೆ ಯಾರ ಲೆಕ್ಕದಲ್ಲಿದೆ? 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸದ್ದಿನಿಂದ ಬರೋ ಕಿವುಡುತನ ಇತ್ತು. ಜಾತ್ರೆ ಕಾರ್ಖಾನೆ ಅಲ್ಲವಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ, ಮಾತಿನ ದನಿಗಳಲ್ಲಿ, ಕನಿಷ್ಠ 60 ಡೆಸಿಬಲ್ ನಷ್ಟ ಕೇಳುತ್ತೆ. ಅಲ್ಲಿ ತಲುಪೋ ಹೊತ್ತಿಗೆ ಅರ್ಧ ಬದುಕು ಮುಗಿದಿರುತ್ತೆ.

ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ 2012ರಲ್ಲಿ ತಾಲೀಮಿನ ಸದ್ದಿಗೆ ಒಬ್ಬ ವಯೋಲಾ ವಾದಕನ ಕಿವಿ ಕೆಟ್ಟಿತು. 2018ರಲ್ಲಿ ಅಲ್ಲಿನ ಹೈಕೋರ್ಟ್ ಒಪೆರಾ ಹೌಸೇ ಹೊಣೆ ಅಂದಿತು. ಸಂಗೀತ ಎಷ್ಟೇ ದೊಡ್ಡದಿರಲಿ, ನುಡಿಸುವವನೂ ಕೆಲಸಗಾರನೇ ಅನ್ನೋದು ಅದರ ಸಾರ. ನಮ್ಮಲ್ಲಿ ಆ ವಾದಕನ ಜಾಗದಲ್ಲಿ ಕೇರಿಯ ಹುಡುಗ ಇದ್ದಾನೆ. ಹೊಣೆ ಹೊರೋ ಮಾಲೀಕನೇ ಇಲ್ಲ, ಇಡೀ ಊರೇ ಮಾಲೀಕ.

ಆದ್ದರಿಂದ ಕೇಳೋಣ: ತಮಟೆ, ಡೊಳ್ಳು, ಬ್ಯಾಂಡಿನವರಿಗೆ ಜಿಲ್ಲಾಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಉಚಿತ ಕಿವಿ ತಪಾಸಣೆ. ಅದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ನೆರವು. ಸರ್ಕಾರಿ ಉತ್ಸವಗಳಲ್ಲಿ ಕಿವಿರಕ್ಷಕ, ಸರದಿ ವಿರಾಮ. ಕಲಾವಿದರ ಮಾಸಾಶನದಲ್ಲಿ ಕಿವಿ ನಷ್ಟಕ್ಕೂ ಜಾಗ.

ಉತ್ಸವದ ವೇದಿಕೆಗೆ ನಮ್ಮ ಹುಡುಗರನ್ನ ಕಳಿಸುವಾಗ ಗೌರವಧನ ಎಷ್ಟು ಅಂತ ಕೇಳ್ತೀವಲ್ಲ, ಇನ್ನು ಮುಂದೆ ಎಷ್ಟು ಹೊತ್ತು, ಮಲಗೋಕೆ ಜಾಗ ಎಲ್ಲಿ ಅಂತಲೂ ಕೇಳೋಣ.

ಜೈ ಭೀಮ್.