ಧೂಪದ ಮರದ ಬತ್ತಿ

ಹಿಂದಿನ ದೀಪಾವಳಿಗೆ ಮಗಳು ಪೇಟೆಯಿಂದ ದೀಪ ಇಡುವ ಒಂದು ತಟ್ಟೆ ತಂದಿದ್ದಳು. ಗಾಜಿನಂತೆ ಹೊಳೆಯುತ್ತಿತ್ತು, ಒಳಗೆ ಒಣಗಿದ ಹೂಗಳು. ಅದರ ಮೇಲೆ ಮೊಂಬತ್ತಿಯನ್ನು ನೇರವಾಗಿ ಹಚ್ಚಿಟ್ಟೆವು. ಬತ್ತಿ ಬುಡಕ್ಕೆ ಬರುವಷ್ಟರಲ್ಲಿ ತಟ್ಟೆ ಮೆತ್ತಗಾಗಿ ಕುಳಿಬಿದ್ದಿತು, ಕಪ್ಪಾಯಿತು, ಕೆಟ್ಟ ವಾಸನೆ ಮನೆ ತುಂಬಿತು. “ಇದು ರೆಸಿನ್ ಅಪ್ಪ. ರೆಸಿನ್ ಅಂದರೆ ರಾಳ ಅಲ್ಲವಾ? ಅಜ್ಜಿ ರಾಳವನ್ನೇ ಉರಿಸುತ್ತಿದ್ದರು ಅಂತ ನೀವೇ ಹೇಳಿದ್ದಿರಲ್ಲ?” ಎಂದು ಕೇಳಿದಳು.

ಹೆಸರು ಒಂದೇ, ವಸ್ತು ಬೇರೆ. ಈಗ ಪೇಟೆಯಲ್ಲಿ ರೆಸಿನ್ ಎಂದು ಸಿಗುವುದು ಹೆಚ್ಚಾಗಿ ಎರಡು ದ್ರವಗಳನ್ನು ಕಲಸಿ ಗಟ್ಟಿಯಾಗಿಸಿದ ಎಪಾಕ್ಸಿ. ಅದಕ್ಕೂ ದೀಪಕ್ಕೂ ನಡುವೆ ಲೋಹದ ಬಟ್ಟಲೊಂದು ಇರಲೇಬೇಕು. ಅಜ್ಜಿಯ ರಾಳ ಮರದಿಂದ ಬಂದದ್ದು. ಆ ರಾಳದಿಂದ ಬತ್ತಿಯನ್ನೇ ಮಾಡಿ ಉರಿಸುತ್ತಿದ್ದ ಕಾಲವೊಂದು ನಮ್ಮ ಮಲಬಾರ್ ಕರಾವಳಿಯಲ್ಲಿತ್ತು. ಅದರ ಕತೆಯನ್ನು ನಾವು ಮರೆತಿದ್ದೇವೆ.

ಆ ಮರವನ್ನು ಕನ್ನಡದಲ್ಲೂ ತುಳುವಿನಲ್ಲೂ ನಾವು ಧೂಪದ ಮರ ಎನ್ನುತ್ತೇವೆ. ಮಲಯಾಳದ ನೆರೆಯವರಿಗೆ ಅದು ವೆಳ್ಳಪ್ಪಯಿನ್. ಪಶ್ಚಿಮ ಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಡಚ್ಚರ ವಾನ್ ರೀಡ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚು ಹಾಕಿಸಿದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಇದರ ಚಿತ್ರವಿದೆ; ಹೆಸರು ‘ಪೈನೂ’ ಎಂದಿದೆ. ಮುಂದೆ 1753ರಲ್ಲಿ ಲಿನೇಯಸ್ ಇದನ್ನು ವಾಟೇರಿಯಾ ಇಂಡಿಕಾ ಎಂದು ಕರೆದ. ಇಂಗ್ಲಿಷರು ಈ ಮರದ ರಾಳವನ್ನು ‘ಪೈನಿ ವಾರ್ನಿಷ್’ ಎಂದು ಬರೆದುಕೊಂಡರು. ಅದನ್ನು ಓದಿದವರು ಹಿಮಾಲಯದ ಪೈನ್ ಮರ ಎಂದುಕೊಂಡರೆ ತಪ್ಪಾಯಿತು. ಅದು ಮಲಯಾಳದ ಪಯಿನ್.

ಈ ಬತ್ತಿಯ ವಿಷಯ ಹೆಬರ್ ಡ್ರೂರಿ ಎಂಬ ಸೇನಾಧಿಕಾರಿ 1858ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ, ಭಾರತದ ಉಪಯುಕ್ತ ಸಸ್ಯಗಳ ಪುಸ್ತಕದಲ್ಲಿದೆ. ಮಲಬಾರ್ ಕರಾವಳಿಯಲ್ಲಿ ಈ ರಾಳದಿಂದ ಬತ್ತಿ ಮಾಡುತ್ತಿದ್ದರು. ಅದು ಪರಿಮಳ ಬೀರುತ್ತ, ಹೆಚ್ಚು ಹೊಗೆಯಿಲ್ಲದೆ, ತಿಳಿಯಾದ ಬೆಳಕು ಕೊಡುತ್ತಿತ್ತು. ನಡುವಿನ ನೂಲು ತಾನಾಗಿ ಉರಿದುಹೋಗುತ್ತಿದ್ದುದರಿಂದ ಕುಡಿ ಕತ್ತರಿಸುವ ಕೆಲಸವಿರಲಿಲ್ಲ ಎಂದು ಅದರ ಸಾರ. ಪ್ರಾಣಿಗಳ ಕೊಬ್ಬಿನ ಬತ್ತಿ ಉರಿಸುತ್ತಿದ್ದ ಆ ಕಾಲದ ಇಂಗ್ಲೆಂಡಿನಲ್ಲಿ ಕತ್ತರಿ ಹಿಡಿದು ಆಗಾಗ ಕುಡಿ ಕತ್ತರಿಸದಿದ್ದರೆ ದೀಪ ಮಂಕಾಗುತ್ತಿತ್ತು. ಹಾಗಾಗಿ ಇದು ಸಣ್ಣ ಗುಣವಲ್ಲ.

ಇನ್ನು ಸೆಕೆಯನ್ನು ತಾಳುವ ವಿಷಯ. ಈಗಿನ ಪ್ಯಾರಾಫಿನ್ ಮೊಂಬತ್ತಿ ಸುಮಾರು 50ರಿಂದ 60 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೆ ಮೊದಲೇ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗಿಟ್ಟ ಮೊಂಬತ್ತಿ ಬಾಗಿ ನಿಂತದ್ದನ್ನು ನಾವೆಲ್ಲ ಕಂಡವರೇ. ಧೂಪದ ಬೀಜವನ್ನು ಕುದಿಸಿ ತೆಗೆಯುವ ಬಿಳಿ ಕೊಬ್ಬಂತೂ ಮೈಬಿಸಿಯ ಆಸುಪಾಸಿನಲ್ಲೇ ಕರಗುತ್ತದೆ. ರಾಳ ಹಾಗಲ್ಲ. ನಮ್ಮ ಸೆಕೆಗೆ ಅದು ಗಾಜಿನಂತೆ ಗಟ್ಟಿಯಾಗಿಯೇ ಇರುತ್ತದೆ. ಕಾಯಿಸಿದರೂ ಒಮ್ಮೆಗೇ ನೀರಾಗದೆ ಮೆತ್ತಗಾಗಿ, ಅಂಟಾಗಿ, ಆಮೇಲೆ ಹರಿಯುತ್ತದೆ. ಆದ್ದರಿಂದ ಅದನ್ನು ಅಚ್ಚಿಗೆ ಎರೆಯಲೂಬಹುದು, ಮೆತ್ತಗಿರುವಾಗ ಉರುಳಿಸಿ ಬತ್ತಿ ಮಾಡಲೂಬಹುದು. ಬಿಸಿ ಎಣ್ಣೆಯಲ್ಲಿ ಅದು ಕರಗುತ್ತದೆ. ಎಣ್ಣೆ ಬೆರೆತಷ್ಟೂ ತೆಳ್ಳಗಾಗಿ ನೂಲಿನಲ್ಲಿ ಸುಲಭವಾಗಿ ಮೇಲೇರುತ್ತದೆ.

ಆದರೆ ಅಪಾಯವೂ ಇದೆ. ರಾಳದ ಗಟ್ಟಿ ನಿಧಾನವಾಗಿ ಉರಿಯುತ್ತದೆ. ಹುಡಿ ಗಾಳಿಯಲ್ಲಿ ಹರಡಿದರೆ ಭುಗ್ಗನೆ ಹೊತ್ತುತ್ತದೆ. ಭೂತಕೋಲದಲ್ಲಿ, ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವಾಗ, ದೊಂದಿಗೆ ರಾಳದ ಹುಡಿ ಎರಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಳವನ್ನು ತೆರೆದ ಬೆಂಕಿಯ ಮೇಲೆ ಕರಗಿಸಬಾರದು. ಹೊತ್ತಿಕೊಂಡರೆ ನೀರು ಎರಚದೆ ಮುಚ್ಚಳ ಹಾಕಬೇಕು, ಇಲ್ಲವೇ ಮರಳು ಸುರಿಯಬೇಕು. ಚರ್ಮದ ಮೇಲೆ ಬಿದ್ದ ಬಿಸಿ ರಾಳವನ್ನು ಕಿತ್ತು ತೆಗೆಯಬಾರದು. ತಣ್ಣೀರು ಹರಿಸಿ, ವೈದ್ಯರಲ್ಲಿಗೆ ಹೋಗಬೇಕು. ಇಷ್ಟೆಲ್ಲ ಎಚ್ಚರ ಬೇಡುವ ಈ ವಸ್ತುವನ್ನು ತೆಳ್ಳನೆಯ ಬತ್ತಿಯಾಗಿಸಿ ಪಳಗಿಸಿದ್ದರು ನಮ್ಮ ಹಿಂದಿನವರು. ಜ್ವಾಲೆ ಸಣ್ಣದಾದಷ್ಟೂ ಅದಕ್ಕೆ ಬೇಕಾದ ಗಾಳಿ ಸಿಗುತ್ತದೆ, ಹೊಗೆಯೂ ಕಡಿಮೆ.

ಹಾಗಾದರೆ ಆ ಬತ್ತಿಯ ವ್ಯಾಪಾರ ಏನಾಯಿತು? ಇಂಗ್ಲೆಂಡಿಗೆ ಕಳಿಸಿದ ಕೆಲವು ಬತ್ತಿಗಳನ್ನು ಅಲ್ಲಿಯವರು ಮೆಚ್ಚಿದರು, ಬಹಳ ಒಳ್ಳೆಯ ಬೆಲೆಗೆ ಕೊಂಡರು ಎಂದು ಡ್ರೂರಿಯೇ ಹೇಳುತ್ತಾನೆ. ವ್ಯಾಪಾರ ನಿಂತದ್ದಕ್ಕೂ ಕಾರಣ ಕೊಡುತ್ತಾನೆ: ತಯಾರಾದ ಬತ್ತಿಯ ಮೇಲಿನ ಭಾರೀ ಸುಂಕ. ಇಂಗ್ಲೆಂಡ್ ತನ್ನ ಪ್ರಜೆಗಳ ಬತ್ತಿಗೂ 1709ರಿಂದ 1831ರವರೆಗೆ ತೆರಿಗೆ ಹಾಕಿದ ದೇಶ.

ಬ್ಯಾಂಕಿನಲ್ಲಿ ದಿನವಿಡೀ ಖಾತೆ ನೋಡುವ ನನಗೆ ಈ ಸಂಗತಿ ಚುಚ್ಚುತ್ತದೆ. ಒಂದು ವಸ್ತುವಿನ ಗತಿ ಅದರ ಗುಣದಿಂದಲ್ಲ, ಅದನ್ನು ಯಾವ ಕಲಮಿನಲ್ಲಿ ಬರೆದರು ಎಂಬುದರಿಂದ ತೀರ್ಮಾನವಾಯಿತು. ಸೆಕೆಗೆ ಬಾಗದ ಬತ್ತಿ ಸುಂಕಕ್ಕೆ ಆರಿತು. ಆಮೇಲೆ ಸೀಮೆಎಣ್ಣೆ ಬಂತು, ಪ್ಯಾರಾಫಿನ್ ಬಂತು. ಧೂಪದ ಮರ ಪ್ಲೈವುಡ್ಡಿಗೆ ಹೋಯಿತು. ಹಾದಿಬದಿಯಲ್ಲಿ ನೆರಳಿಗೆಂದು ಬೆಳೆಸಿದ್ದ ಮರಗಳೂ ರಸ್ತೆ ಅಗಲಿಸುವಾಗ ಉರುಳಿದವು.

ಕಲಮು ಬದಲಾಗುವುದು ಎಂದರೇನೆಂದು ನಮಗೂ ಗೊತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳದ ಲೆಕ್ಕಕ್ಕೆ ಸೇರಿತು. ಮರಗಳು ನಿಂತಲ್ಲೇ ನಿಂತವು, ನಾವೂ. ನಮ್ಮ ಮಕ್ಕಳು ಈ ಮರದ ಎರಡು ಹೆಸರನ್ನೂ ಕಲಿಯಲಿ: ಧೂಪ ಎಂದೂ, ಪಯಿನ್ ಎಂದೂ. ಎರಡರಲ್ಲಿ ಯಾವುದು ಮರೆತರೂ ಈ ಬತ್ತಿಯ ಕತೆ ಅರ್ಧವೇ ಉಳಿಯುತ್ತದೆ.

ಸುಟ್ಟ ತಟ್ಟೆಯನ್ನು ಮಗಳು ಎಸೆದಿಲ್ಲ. ಈಗ ಅದರ ಮೇಲೆ ಅಜ್ಜಿಯ ಹಿತ್ತಾಳೆ ಬಟ್ಟಲು ಇಟ್ಟು, ಅದರೊಳಗೆ ದೀಪ ಹಚ್ಚುತ್ತಾಳೆ.