ಸುರಕ್ಷತಾ ಜಾಥಾ ಮುಗಿದ ಮೇಲೆ ಏನು? ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಪೊಲೀಸ್–ಜನರ ಪಾಲುದಾರಿಕೆ ಕುರಿತು ತಿಳಿಯಬೇಕಾದ್ದು

2023ರ ಡಿಸೆಂಬರ್. ಹುಕ್ಕೇರಿ ತಾಲೂಕಿಗೆ ಹತ್ತಿಕೊಂಡಂತೆ ಇರುವ ಬೆಳಗಾವಿ ತಾಲೂಕಿನ ಹೊಸ ವಂಟಮುರಿ ಗ್ರಾಮದಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಅನ್ನುವ ಕಾರಣಕ್ಕೆ ಆತನ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಲಾಯಿತು. ಪೊಲೀಸರು ಬಂದು ಬಿಡಿಸುವವರೆಗೆ ನೋಡುತ್ತ ನಿಂತವರು ಬಹಳ ಮಂದಿ. ತಡೆಯಲು ಮುಂದೆ ಬಂದವರು ಬೆರಳೆಣಿಕೆಯಷ್ಟು. ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಾಗ ಕೇಳಿದ್ದು ಪೊಲೀಸರನ್ನು ಮಾತ್ರವಲ್ಲ. ಸುಮ್ಮನೆ ನಿಂತ ಊರಿಗೂ ಹೊಣೆ ಇಲ್ಲವೇ ಅಂತಲೂ ಕೇಳಿತು. ಬ್ರಿಟಿಷರ ಕಾಲದಲ್ಲಿ ಇಡೀ ಊರಿಗೆ ದಂಡ ಹಾಕುತ್ತಿದ್ದ ಪದ್ಧತಿ ಕೂಡ ಅಲ್ಲಿ ಚರ್ಚೆಗೆ ಬಂತು.

ಡಿಸೆಂಬರ್ ಅಂದರೆ ರಾಜ್ಯದ ಪೊಲೀಸರು ಪ್ರತಿವರ್ಷ 'ಅಪರಾಧ ತಡೆ ಮಾಸಾಚರಣೆ' ಮಾಡುವ ತಿಂಗಳು. ಶಾಲಾ ಮಕ್ಕಳ ಜಾಥಾ, ಬಸ್ ನಿಲ್ದಾಣದಲ್ಲಿ ಕರಪತ್ರ, ವೇದಿಕೆ ಮೇಲೆ ಭಾಷಣ. ಇದೆಲ್ಲ ಬೇಡ ಅಂತಲ್ಲ. ಆದರೆ ಸಮುದಾಯ ಸುರಕ್ಷತೆಯ ಅಳತೆಗೋಲು ಜಾಥಾದ ಫೋಟೊ ಅಲ್ಲ. ಕೆಟ್ಟ ರಾತ್ರಿಯಲ್ಲಿ ಮೊದಲ ಫೋನ್ ಯಾರು ಮಾಡುತ್ತಾರೆ, ಮಾಡಿದವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಅನ್ನುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಈ ಮೂರು ತಾಲೂಕುಗಳೇ ಯಾಕೆ?

ಅಪಾಯಗಳಿಗೆ ತಾಲೂಕು ಗಡಿ ಗೊತ್ತಿಲ್ಲ. ಮೂಡಲಗಿ ಮೊನ್ನೆ ಮೊನ್ನೆವರೆಗೆ ಗೋಕಾಕದ್ದೇ ಭಾಗ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ಜಲಾಶಯ ಇದೆ, ಅಲ್ಲಿಂದ ಬಿಟ್ಟ ನೀರು ಗೋಕಾಕ ದಾಟಿ ಮೂಡಲಗಿಯ ಹೊಳೆದಂಡೆ ಹಳ್ಳಿಗಳಿಗೆ ಹೋಗುತ್ತದೆ. ಮಹಾರಾಷ್ಟ್ರದ ಅಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹಾದು ಘಟಪ್ರಭೆ ಸೇರುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯವೂ ಬಂದು ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆ ಜಾರುವ ಸ್ಥಿತಿಗೆ ಬಂದು, ಕೆಳಗಿನ ಮನೆಗಳವರನ್ನು ಎಬ್ಬಿಸಬೇಕಾಯಿತು. ಲೋಳಸೂರ ಸೇತುವೆ ಮುಳುಗುವುದಂತೂ ಈಗ ಮಳೆಗಾಲದ ಮಾಮೂಲಿ ಸುದ್ದಿ.

ಇನ್ನೊಂದು ಕಡೆ ಪುಣೆ–ಬೆಂಗಳೂರು ಹೆದ್ದಾರಿ. ಸಂಕೇಶ್ವರ, ಹತ್ತರಗಿ, ಯಮಕನಮರಡಿ ಮೇಲೆಯೇ ಹಾದುಹೋಗುತ್ತದೆ. ಕಬ್ಬಿನ ಹಂಗಾಮು ಬಂತು ಅಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡುತ್ತವೆ. ಹಿಂದೆ ದೀಪ ಇಲ್ಲದ, ರಿಫ್ಲೆಕ್ಟರ್ ಕಿತ್ತುಹೋದ ಟ್ರೇಲರ್ ರಸ್ತೆ ಪಕ್ಕ ನಿಂತಿದ್ದರೆ ಬೈಕ್ ಸವಾರನಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಇಲ್ಲಿ 'ಸುರಕ್ಷತೆ' ಅಂದರೆ ಕಳ್ಳರ ಭಯವೊಂದೇ ಅಲ್ಲ. ಹೊಳೆ, ಕಬ್ಬು, ಹೆದ್ದಾರಿ, ಗಡಿ, ಮನೆಯೊಳಗಿನ ಹಿಂಸೆ ಎಲ್ಲವೂ ಸೇರಿದ ಲೆಕ್ಕ.

ಮೊದಲು ಊರು ಕಾಯುತ್ತಿದ್ದವರು ಯಾರು?

ಮುಂಬೈ ಪ್ರಾಂತ್ಯದ ಕಾಲದಲ್ಲಿ ಪ್ರತಿ ಊರಿಗೂ ಪೊಲೀಸ್ ಪಾಟೀಲ ಇದ್ದ, ಅವನ ಕೈಕೆಳಗೆ ತಳವಾರ, ವಾಲೀಕಾರ ಇದ್ದರು. ಹೊಸಬರು ಬಂದರೆ ಸುದ್ದಿ ಮುಟ್ಟಿಸುವುದು, ಹೆಣ ಸಿಕ್ಕರೆ ಕಾಯುವುದು, ಠಾಣೆಗೆ ವರದಿ ಒಯ್ಯುವುದು ಅವರ ಕೆಲಸ. ಇದು ವಂಶಪಾರಂಪರ್ಯದ ವ್ಯವಸ್ಥೆ. ಅಧಿಕಾರ ಮೇಲ್ಜಾತಿಯ ಗೌಡರ ಕೈಲಿ, ರಾತ್ರಿ ಗಸ್ತು ಕೆಳಗಿನವರ ಕಾಲ ಮೇಲೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಇದನ್ನು ಕೊನೆಗಾಣಿಸಿತು. ಆ ಹುದ್ದೆಗಳು ಇವತ್ತು ನಮ್ಮಲ್ಲಿ ಅಡ್ಡಹೆಸರಾಗಿ ಮಾತ್ರ ಉಳಿದಿವೆ.

ಗಡಿಯಾಚೆ ಕಥೆ ಬೇರೆ. ಸಂಕೇಶ್ವರದಿಂದ ಗಡಹಿಂಗ್ಲಜ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಮಹಾರಾಷ್ಟ್ರ. ಅಲ್ಲಿ ವಂಶಪಾರಂಪರ್ಯ ಹೋಗಿ, 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ಸರ್ಕಾರವೇ ನೇಮಿಸುವ ಪೊಲೀಸ್ ಪಾಟೀಲ ಇಂದಿಗೂ ಇದ್ದಾನೆ. ನಮ್ಮಲ್ಲಿ 1964ರ ಗ್ರಾಮ ರಕ್ಷಣಾ ದಳ ಕಾಯ್ದೆ ಬಂತು, ದಳಪತಿ ಅನ್ನುವ ಹುದ್ದೆಯನ್ನೂ ಹೇಳಿತು. ಆದರೆ ನಿಮ್ಮೂರ ದಳಪತಿ ಯಾರು ಅಂತ ಕೇಳಿದರೆ ಎಷ್ಟು ಜನ ಉತ್ತರ ಕೊಟ್ಟಾರು?

ಈಗ ಇರುವ ವ್ಯವಸ್ಥೆ ಏನು?

ಆ ಖಾಲಿ ಜಾಗ ತುಂಬುವ ಪ್ರಯತ್ನಗಳು ಆಗಾಗ ನಡೆದಿವೆ. 2017ರಲ್ಲಿ ರಾಜ್ಯದಾದ್ಯಂತ ಹೊಸ ಬೀಟ್ ಪದ್ಧತಿ ಬಂತು. ಅಂದರೆ ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಪೇದೆಯನ್ನೋ ಹೆಡ್ ಕಾನ್‌ಸ್ಟೆಬಲ್ ಅನ್ನೋ ಹೊಣೆ ಮಾಡುವುದು, ಜೊತೆಗೆ ಅದೇ ಭಾಗದ ನಾಗರಿಕರ ಒಂದು ತಂಡ ಕಟ್ಟುವುದು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ನಲವತ್ತು–ಐವತ್ತು ಮನೆಗಳ ಗುಂಪು ಮಾಡಿ ಬೀಟ್ ಸಿಬ್ಬಂದಿಯೇ ಬಾಗಿಲಿಗೆ ಹೋಗಿ ಅಹವಾಲು ಕೇಳಬೇಕು ಅನ್ನುವುದು ಇದರ ಉದ್ದೇಶ. ಇದಲ್ಲದೆ ಗಣೇಶ ಹಬ್ಬ, ಈದ್ ಮುಂಚೆ ಶಾಂತಿ ಸಭೆ, ಜನವರಿಯಲ್ಲಿ ರಸ್ತೆ ಸುರಕ್ಷತಾ ಅಭಿಯಾನ, ಮಕ್ಕಳಿಗೆ ಠಾಣೆ ತೋರಿಸುವ 'ತೆರೆದ ಮನೆ' ಇವೆ.

ಇಂಥ ಪ್ರಯೋಗ ಕರ್ನಾಟಕದ್ದೇ ಅಲ್ಲ. ತಮಿಳುನಾಡಿನ 'ಫ್ರೆಂಡ್ಸ್ ಆಫ್ ಪೊಲೀಸ್' 1993ರದು, ಕೇರಳದ 'ಜನಮೈತ್ರಿ ಸುರಕ್ಷಾ' 2008ರದು. ಕೇರಳದಲ್ಲಿ ಬೀಟ್ ಅಧಿಕಾರಿ ಮನೆಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳುವುದನ್ನೇ ಕೆಲಸ ಅಂತ ಲೆಕ್ಕ ಹಿಡಿದರು. ಮುಖ ಪರಿಚಯ ಇದ್ದರೆ ಮಾತ್ರ ಹೆಂಗಸೊಬ್ಬಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾಳೆ. ಗೊತ್ತಿಲ್ಲದ ಖಾಕಿಗೆ ಯಾರೂ ಮಾಡಲ್ಲ.

ನಮ್ಮ ನೆಲದಲ್ಲೇ ಮಾದರಿ ಇದೆಯೇ?

ಇದೆ. ಅದೂ ಎರಡು. ಎರಡಕ್ಕೂ ಘಟಪ್ರಭಾ ನಂಟು.

ಮೊದಲನೆಯದು ಡಾ. ನಾ.ಸು. ಹರ್ಡೀಕರರ ಹಿಂದುಸ್ತಾನಿ ಸೇವಾ ದಳ. 1923ರಲ್ಲಿ ಶುರುವಾದ ಈ ಸ್ವಯಂಸೇವಕರ ಪಡೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಜನಸಂದಣಿ ಸಂಭಾಳಿಸಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಮುಂದೆ ಹರ್ಡೀಕರರು ಘಟಪ್ರಭಾವನ್ನೇ ನೆಲೆ ಮಾಡಿಕೊಂಡು ಆರೋಗ್ಯಧಾಮದ ಕೆಲಸದಲ್ಲಿ ನಿಂತರು. ಜನ ಸೇರುವ ಕಡೆ ಲಾಠಿಗಿಂತ ಮೊದಲು ತರಬೇತಿ ಪಡೆದ ಕಾರ್ಯಕರ್ತ ಬೇಕು ಅನ್ನುವುದನ್ನು ಅವರು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಸತ್ತ ಮೇಲೆ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ನಮ್ಮ ಊರ ಜಾತ್ರೆಗಳಿಗೂ ಪಾಠ ಅದೇ: ತೇರು ಎಳೆಯುವ ದಿನ ಹೊರಹೋಗುವ ದಾರಿ ಎಲ್ಲಿ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಹಗ್ಗದ ಹತ್ತಿರ ಯಾರು ಇರುತ್ತಾರೆ ಅನ್ನುವುದು ಜಾತ್ರೆ ಕಮಿಟಿ, ಪಂಚಾಯಿತಿ, ಪೊಲೀಸರು ಸೇರಿ ಮೊದಲೇ ತೀರ್ಮಾನಿಸಬೇಕು.

ಎರಡನೆಯದು ಇನ್ನೂ ದೊಡ್ಡ ಪಾಠ. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ 'ಮಾಸ್'. ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರೇ 1997ರಲ್ಲಿ ಕಟ್ಟಿದ ಸಂಸ್ಥೆ, ಕೇಂದ್ರ ಘಟಪ್ರಭಾ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿತ್ತು. ಆದರೆ ಮುತ್ತು ಕಟ್ಟುವುದು ಗುಟ್ಟಾಗಿ ನಡೆಯುವ ಕೆಲಸ, ಯಾವ ಮನೆಯಲ್ಲಿ ತಯಾರಿ ನಡೆದಿದೆ ಅಂತ ಠಾಣೆಗೆ ಗೊತ್ತಾಗುವುದು ಹೇಗೆ? ಅದೇ ಓಣಿಯ, ಅದೇ ನೋವು ಉಂಡ ಹೆಂಗಸರಿಗೆ ಗೊತ್ತಾಗುತ್ತದೆ. ಅವರು ಮನೆಗೆ ಹೋಗಿ ತಿಳಿಹೇಳಿದರು, ಕೇಳದಿದ್ದರೆ ಇಲಾಖೆಗೆ ಸುದ್ದಿ ಮುಟ್ಟಿಸಿದರು, ಸಂಘ ಕಟ್ಟಿ ದುಡಿಮೆಯ ದಾರಿ ತೋರಿಸಿದರು. ಕಾನೂನಿನ ಬಲ ಸರ್ಕಾರದ್ದು, ತಿಳಿವಳಿಕೆ ಅವರದ್ದು. ಪಾಲುದಾರಿಕೆ ಅಂದರೆ ಇದು.

ಎಲ್ಲಿ ಎಡವುತ್ತೇವೆ?

ಒಂದು: ಸಭೆಗೆ ಕರೆಯುವುದು ಯಾರನ್ನು? ಶಾಂತಿ ಸಭೆಯ ಮುಂದಿನ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಮುಖಂಡರು, ಗುತ್ತಿಗೆದಾರರು, ವ್ಯಾಪಾರಸ್ಥರು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ದಲಿತ ಕೇರಿಯ ಹುಡುಗ, ಕಬ್ಬು ಕಡಿಯಲು ಬಂದ ಗ್ಯಾಂಗಿನ ಮುಕಾದಮ ಕಾಣುವುದು ಅಪರೂಪ. ಊರಲ್ಲಿ ಏನು ನಡೀತಿದೆ ಅಂತ ಹೆಚ್ಚು ಗೊತ್ತಿರುವುದು ಇವರಿಗೇ.

ಎರಡು: 'ಊರಿನವರೇ ಬಗೆಹರಿಸ್ತೀವಿ' ಅನ್ನುವ ಮಾತು. ಬದುವಿನ ಜಗಳ ಹಿರಿಯರ ಮುಂದೆ ಮುಗಿದರೆ ಒಳ್ಳೆಯದೇ. ಆದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ರಾಜಿ ಪಂಚಾಯಿತಿಯ ವಿಷಯವಲ್ಲ. ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದೇ ಇರುವುದೇ ಶಿಕ್ಷಾರ್ಹ. ವಂಟಮುರಿಯಲ್ಲಿ ಆದದ್ದೂ ಒಂದರ್ಥದಲ್ಲಿ 'ನಾವೇ ಬಗೆಹರಿಸ್ತೀವಿ' ಅನ್ನುವುದರ ಅತ್ಯಂತ ಕ್ರೂರ ರೂಪ. ಹಾಗಾಗಿ ನಾಗರಿಕ ಸಮಿತಿ ಅಂದರೆ ಯಾರ ಮಗಳು ಯಾರ ಜೊತೆ ಮಾತಾಡಿದಳು ಅಂತ ಕಾಯುವ ಪಡೆ ಆಗಬಾರದು. ಸಮಿತಿ ಸದಸ್ಯನಿಗೆ ಸುದ್ದಿ ಕೊಡುವ ಕೆಲಸ ಇದೆ, ಹೊಡೆಯುವ, ವಿಚಾರಣೆ ಮಾಡುವ ಅಧಿಕಾರ ಇಲ್ಲ.

ಮೂರು: ವರ್ಗಾವಣೆ. ಉತ್ಸಾಹಿ ಪಿಎಸ್‌ಐ ಹೋದ ಮೇಲೆ ವಾಟ್ಸಾಪ್ ಗ್ರೂಪ್ ಬರೀ ಶುಭೋದಯ ಸಂದೇಶಗಳ ಸಂತೆ ಆಗುತ್ತದೆ. ಯಾರು ಏನು ದೂರಿದರು, ಏನು ಕ್ರಮ ಆಯಿತು ಅಂತ ಬರೆದಿಡದ ಸಭೆ ಮುಂದಿನ ಅಧಿಕಾರಿಗೆ ಏನನ್ನೂ ದಾಟಿಸುವುದಿಲ್ಲ.

ಮುಂದಿನ ಸಭೆಗೆ ಹೋದರೆ ಏನು ಕೇಳಬೇಕು?

- ನಮ್ಮ ಬೀಟ್ ಸಿಬ್ಬಂದಿ ಯಾರು? ಹೆಸರು, ನಂಬರ್ ಪಂಚಾಯಿತಿ ಗೋಡೆ ಮೇಲೆ ಇದೆಯೇ?
- ಹೋದ ಸಭೆಯಲ್ಲಿ ಹೇಳಿದ್ದರಲ್ಲಿ ಎಷ್ಟು ಆಯಿತು? ಮೊದಲು ಅದನ್ನು ಓದಿ ಹೇಳಿ.
- ಕತ್ತಲ ದಾರಿಗಳ ಪಟ್ಟಿ ಮಾಡಿದ್ದೀರಾ? ಹುಕ್ಕೇರಿ ಭಾಗದಲ್ಲಿ ಕರೆಂಟ್ ಹಂಚುವುದೇ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸದಸ್ಯರಾದ ರೈತರು, ಪಂಚಾಯಿತಿ, ಪೊಲೀಸರು ಒಟ್ಟಿಗೆ ಕೂತರೆ ಬೀದಿದೀಪದ ಮಾತು ಅಲ್ಲೇ ಮುಗಿಯಬಹುದು.
- ಹಂಗಾಮಿಗೆ ಮುಂಚೆ ಟ್ರೇಲರ್‌ಗೆ ರಿಫ್ಲೆಕ್ಟರ್ ಹಚ್ಚುವ ಹೊಣೆ ಯಾರದು? ಕಾರ್ಖಾನೆಯ ಗೇಟಿನಲ್ಲೇ, ತೂಕಕ್ಕೆ ಮುಂಚೆ ನೋಡಲು ಆಗುವುದಿಲ್ಲವೇ?
- ಹಿಡಕಲ್‌ನಿಂದ ನೀರು ಬಿಡುವ ಸುದ್ದಿ ರಾತ್ರಿ ಯಾರಿಗೆ ಮೊದಲು ಬರುತ್ತದೆ? ಡಂಗುರ, ಗುಡಿ–ಮಸೀದಿಯ ಮೈಕು, ಫೋನ್, ಯಾವುದರಿಂದ ಎಲ್ಲರಿಗೂ ಮುಟ್ಟುತ್ತದೆ?

ಇಟ್ಟುಕೊಳ್ಳಬೇಕಾದ ನಂಬರ್‌ಗಳು, ಗೊತ್ತಿರಬೇಕಾದ ಹಕ್ಕುಗಳು

ಯಾವುದೇ ತುರ್ತಿಗೆ 112. ಮಕ್ಕಳ ವಿಷಯಕ್ಕೆ, ಬಾಲ್ಯವಿವಾಹ ತಡೆಗೂ 1098. ಮಹಿಳೆಯರಿಗೆ 181. ಆನ್‌ಲೈನ್ ವಂಚನೆಗೆ 1930. ದುಡ್ಡು ಹೋದ ತಕ್ಷಣ ಇದಕ್ಕೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ, ಗಂಭೀರ ಅಪರಾಧದ ಸುದ್ದಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. 'ಇದು ನಮ್ಮ ವ್ಯಾಪ್ತಿ ಅಲ್ಲ' ಅಂತ ತಿರುಗಿ ಕಳಿಸುವಂತಿಲ್ಲ. ಮೂರು ತಾಲೂಕು, ಎರಡು ರಾಜ್ಯ ಕೂಡುವ ಈ ಭಾಗಕ್ಕೆ ಇದು ಬಹಳ ಮುಖ್ಯ. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದವರನ್ನು ಹೆಸರು ಹೇಳಿ ಅಂತ ಒತ್ತಾಯಿಸುವಂತೆಯೂ ಇಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅವರಿಗೆ ರಕ್ಷಣೆ ಕೊಟ್ಟಿದೆ.

ಜಾಥಾ ನಡೆಯಲಿ, ಮಕ್ಕಳು ಘೋಷಣೆ ಕೂಗಲಿ. ಆದರೆ ಮುಂದಿನ ಡಿಸೆಂಬರ್‌ನಲ್ಲಿ ವೇದಿಕೆ ಮೇಲಿನವರು ಒಂದು ಲೆಕ್ಕ ಕೊಡಲಿ: ಈ ವರ್ಷ ನಮ್ಮ ಠಾಣೆಗೆ ಅಕ್ಕಪಕ್ಕದವರೇ ಎಷ್ಟು ಸಲ ಫೋನ್ ಮಾಡಿದರು, ನಾವು ಎಷ್ಟು ನಿಮಿಷದಲ್ಲಿ ಹೋದೆವು, ಫೋನ್ ಮಾಡಿದವರ ಹೆಸರು ಹೊರಗೆ ಬಾರದಂತೆ ಹೇಗೆ ಕಾದೆವು. ಊರು ಮುಂದೆ ಬರಬೇಕು ಅಂತ ಕೇಳುವ ಮೊದಲು, ಮುಂದೆ ಬಂದವರನ್ನು ಒಂಟಿ ಮಾಡುವುದಿಲ್ಲ ಅನ್ನುವ ಭರವಸೆ ಊರಿಗೆ ಸಿಗಬೇಕು.